ಊರೂರು ಅಲೆಯುವ ಔಟ್‌ಲಾ ನಾಯಕ: ಹಳೇ ವೆಸ್ಟರ್ನ್ ಕಾಮಿಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುದುರೆ ಮೇಲೆ ಒಬ್ಬನೇ ಬರುತ್ತಾನೆ. ಊರಿನ ಗೋಡೆಯ ಮೇಲೆ ಅವನದೇ ಮುಖ, ಕೆಳಗೆ ಬಹುಮಾನದ ಮೊತ್ತ. ಆದರೂ ಆ ಊರನ್ನು ಕಾಪಾಡುವವನು ಅವನೇ. ಕಾನೂನಿಗೆ ಬೇಕಾಗಿ ತಲೆಮರೆಸಿಕೊಂಡ ಇಂಥವನೇ ಔಟ್‌ಲಾ. ವೆಸ್ಟರ್ನ್ ಅಂದರೆ ಅಮೆರಿಕದ ಪಶ್ಚಿಮ ಸೀಮೆಯ ಕೌಬಾಯ್ ಕಥೆ. ಅಮೆರಿಕದಲ್ಲಿ 1948ರಿಂದ 1979ರವರೆಗೆ ಈ ಒಂದೇ ಎಳೆಯ ಮೇಲೆ ನೂರಾರು ಸಂಚಿಕೆಗಳು ಬಂದವು. ಹೊಸದಾಗಿ ಓದಲು ಶುರುಮಾಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಮಾತು ಹೆಚ್ಚಾಗಿ ಮಾರ್ವೆಲ್ ಸಂಸ್ಥೆಯ ಕಿಡ್ ಕೋಲ್ಟ್ ಮತ್ತು ರಾಹೈಡ್ ಕಿಡ್ ಸುತ್ತಲೇ ಇರುತ್ತದೆ. ಈ ಬಗೆಯ ಕಥೆಗಳಲ್ಲಿ ಜಾಸ್ತಿ ದಿನ ಬಾಳಿದ ಹೆಸರುಗಳಲ್ಲಿ ಇವೆರಡೂ ಸೇರಿವೆ.

ಮಾರ್ವೆಲ್ ಅಂದ್ರೆ ಸ್ಪೈಡರ್‌ಮ್ಯಾನ್ ಅಲ್ವಾ? ಕೌಬಾಯ್ ಕಥೆ ಎಲ್ಲಿಂದ ಬಂತು?

ಸ್ಪೈಡರ್‌ಮ್ಯಾನ್ ಬಂದಿದ್ದು 1962ರಲ್ಲಿ. ಅದಕ್ಕೂ 14 ವರ್ಷ ಮೊದಲೇ ಅದೇ ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಕೌಬಾಯ್ ಕಥೆಗಳನ್ನು ಮಾರುತ್ತಿದ್ದರು. ಆಗ ಸಂಸ್ಥೆಯ ಹೆಸರು ಟೈಮ್ಲಿ, ಆಮೇಲೆ ಅಟ್ಲಾಸ್, ಅದಾದ ಮೇಲೆ ಮಾರ್ವೆಲ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಮಾರಾಟ ಬಿದ್ದುಹೋಯಿತು. ಯುದ್ಧದಲ್ಲಿ ಶತ್ರುಗಳಿಗೆ ಗುದ್ದುತ್ತಿದ್ದ ನಾಯಕರಿಗೆ ಕೆಲಸವೇ ಇಲ್ಲವಾಯಿತು. ಪ್ರಕಾಶಕರು ಪ್ರೇಮಕಥೆ, ಅಪರಾಧ, ಭಯಾನಕ, ಕೌಬಾಯ್ ಕಥೆಗಳ ಕಡೆ ಹೊರಳಿದರು. ಟೂ-ಗನ್ ಕಿಡ್ 1948ರ ಮಾರ್ಚ್ ತಿಂಗಳ ಸಂಚಿಕೆಯಾಗಿ ಬಂತು. ಕಿಡ್ ಕೋಲ್ಟ್ ಅದೇ ವರ್ಷದ ಆಗಸ್ಟ್‌ನದು.

ಕಿಡ್ ಕೋಲ್ಟ್ ಯಾರು? ಅವನು ಯಾಕೆ ಔಟ್‌ಲಾ ಆದ?

ಅವನ ಹೆಸರು ಬ್ಲೇನ್ ಕೋಲ್ಟ್. ಊರು ವಯೋಮಿಂಗ್. ಕುದುರೆಯ ಹೆಸರು ಸ್ಟೀಲ್. ತಂದೆ ಡ್ಯಾನ್ ಕೋಲ್ಟ್ ಕೊಲೆಯಾಗುತ್ತಾರೆ. ಕೊಂದವನನ್ನು ಬ್ಲೇನ್ ಎದುರಾಎದುರು ನಿಂತು ಗುಂಡು ಹೊಡೆದು ಕೊಲ್ಲುತ್ತಾನೆ. ಆದರೆ ಕಾನೂನಿನ ಕಣ್ಣಿಗೆ ಅದು ಕೊಲೆ. ಅವತ್ತಿನಿಂದ ಅವನಿಗೆ ಮನೆ ಇಲ್ಲ.

ಮೊದಲ ಎರಡು ಸಂಚಿಕೆಗಳಲ್ಲಿ ಪತ್ರಿಕೆಗೆ ‘ಪಶ್ಚಿಮದ ವೀರ’ ಎನ್ನುವ ಅರ್ಥದ ಅಡಿಬರಹ ಇತ್ತು. ಮೂರನೆಯದರಿಂದ ಹೆಸರು ‘ಕಿಡ್ ಕೋಲ್ಟ್ ಔಟ್‌ಲಾ’ ಆಯಿತು. ಈ ಬದಲಾವಣೆಯಲ್ಲೇ ಪತ್ರಿಕೆಯ ಜೀವ ಇದೆ ಅಂತ ನನಗನ್ನಿಸುತ್ತದೆ. ಪಶ್ಚಿಮದ ವೀರರು ಆಗ ಅಂಗಡಿ ತುಂಬ ಇದ್ದರು. ಜೀನ್ ಆಟ್ರಿ, ರಾಯ್ ರೋಜರ್ಸ್ ಥರದ ಸಿನಿಮಾ ತಾರೆಯರ ಹೆಸರಿನಲ್ಲೇ ಕಾಮಿಕ್ಸ್ ಬರುತ್ತಿದ್ದವು. ಅವರು ಹಾಡು ಹೇಳಿ, ಕಳ್ಳರನ್ನು ಹಿಡಿದು, ಎಲ್ಲರಿಂದ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಕಿಡ್ ಕೋಲ್ಟ್‌ಗೆ ಆ ಚಪ್ಪಾಳೆ ಇಲ್ಲ. ಅವನು ಒಳ್ಳೆಯವನು ಅಂತ ಗೊತ್ತಿರುವುದು ಓದುಗನಿಗೆ ಮಾತ್ರ. ಹತ್ತು ಸೆಂಟು ಕೊಟ್ಟು ಪತ್ರಿಕೆ ಕೊಂಡ ಹುಡುಗನಿಗೆ ನಾಯಕನ ಗುಟ್ಟು ಗೊತ್ತು, ಆದರೆ ಕಥೆಯೊಳಗಿನ ಊರಿನ ಪೊಲೀಸ್ ಅಧಿಕಾರಿಯಾದ ಶೆರೀಫ್‌ಗೆ ಗೊತ್ತಿಲ್ಲ. ಅಪ್ಪ ಅಮ್ಮ, ಮೇಷ್ಟ್ರು ಯಾರೂ ತನ್ನನ್ನು ಅರ್ಥ ಮಾಡಿಕೊಳ್ಳುತ್ತಿಲ್ಲ ಅಂದುಕೊಂಡ ವಯಸ್ಸಿನವರಿಗೆ ಇದು ಎಷ್ಟು ಹತ್ತಿರ ಆಗಿರಬೇಕು!

ತಪ್ಪೇ ಮಾಡಿಲ್ಲ ಅಂದ್ಮೇಲೆ ಕೋರ್ಟಿಗೆ ಹೋಗಿ ಹೇಳಬಾರದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೇಳಿದರೆ ಪತ್ರಿಕೆ ಮುಗಿಯಿತು. ಅವನ ಹೆಸರಿನ ಮೇಲಿನ ಕಳಂಕವೇ ಕಥೆಯನ್ನು ಮುಂದಕ್ಕೆ ತಳ್ಳುವ ಶಕ್ತಿ. ಕಳಂಕ ಇರುವುದರಿಂದ ಅವನು ಎಲ್ಲೂ ನಿಲ್ಲುವ ಹಾಗಿಲ್ಲ. ನಿಲ್ಲದೆ ಇರುವುದರಿಂದ ಪ್ರತಿ ಸಲ ಹೊಸ ಊರು, ಹೊಸ ದುಷ್ಟ, ಹೊಸ ಸ್ನೇಹಿತ. ಐದಾರು ಪುಟಗಳಲ್ಲಿ ಎಲ್ಲ ಮುಗಿಸಿ ಕುದುರೆ ಹತ್ತಬೇಕು. ಯಾರ ಜೊತೆಗೂ ನಂಟು ಬೆಳೆಯುವುದಿಲ್ಲ. ಹಾಗಾಗಿ ಹಿಂದಿನ ಸಂಚಿಕೆ ಓದದವರಿಗೂ ಕಥೆ ಅರ್ಥವಾಗುತ್ತದೆ. ಅಂಗಡಿಗೆ ಯಾವ ತಿಂಗಳ ಪತ್ರಿಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಹೇಳಲಾಗದ ಕಾಲ ಅದು. ಅಂಥ ಕಾಲಕ್ಕೆ ಇದು ಸರಿಯಾದ ಕಟ್ಟು.

ಸಂಭಾವಿತರು ಅವನ ಪರ ಸಾಕ್ಷಿ ಹೇಳಲು ಮುಂದೆ ಬರುವ ಕಥೆಗಳೂ ಇವೆ. ಕೊನೆಯಲ್ಲಿ ಏನೋ ಒಂದು ಅಡ್ಡ ಬರುತ್ತದೆ. ಒಂದರ ಹಿಂದೆ ಒಂದು ಓದಿದರೆ ಇದು ಬೇಸರ ತರಿಸಬಹುದು. ದಿನಕ್ಕೆ ಒಂದೆರಡು ಕಥೆ ಓದಿ, ಆಗ ರುಚಿ ಉಳಿಯುತ್ತದೆ.

ಮಕ್ಕಳ ಪತ್ರಿಕೆಯಲ್ಲಿ ಪೊಲೀಸರಿಗೆ ಬೇಕಾದವನು ನಾಯಕ. ಯಾರೂ ತಡೆಯಲಿಲ್ಲವೇ?

ತಡೆದರು. 1954ರಲ್ಲಿ ಅಮೆರಿಕದಲ್ಲಿ ಕಾಮಿಕ್ಸ್ ವಿರುದ್ಧ ದೊಡ್ಡ ಗದ್ದಲ ಎದ್ದಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಮಕ್ಕಳು ಕೆಡುವುದಕ್ಕೆ ಕಾಮಿಕ್ಸ್ ಕಾರಣ ಎಂದು ಪುಸ್ತಕವನ್ನೇ ಬರೆದರು. ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆಸಿತು. ಸರ್ಕಾರ ಕೈಹಾಕುವ ಮೊದಲೇ ತಾವೇ ಬೇಲಿ ಹಾಕಿಕೊಳ್ಳೋಣ ಎಂದು ಪ್ರಕಾಶಕರು ಸೇರಿ ಅದೇ ಅಕ್ಟೋಬರ್‌ನಲ್ಲಿ ‘ಕಾಮಿಕ್ಸ್ ಕೋಡ್’ ಮಾಡಿಕೊಂಡರು. ಅಪರಾಧಿಯ ಮೇಲೆ ಅನುಕಂಪ ಹುಟ್ಟುವಂತೆ ಬರೆಯಬಾರದು. ಪೊಲೀಸರು, ನ್ಯಾಯಾಧೀಶರ ಮೇಲಿನ ಗೌರವ ಕಡಿಮೆಯಾಗುವಂತೆ ತೋರಿಸಬಾರದು. ಪ್ರತಿ ಕಥೆಯಲ್ಲೂ ಕೆಟ್ಟದ್ದಕ್ಕೆ ಶಿಕ್ಷೆ ಆಗಲೇಬೇಕು.

ಈ ನಿಯಮಗಳನ್ನು ಹಾಗೇ ಓದಿದರೆ ಔಟ್‌ಲಾ ನಾಯಕ ಅವತ್ತೇ ಸಾಯಬೇಕಿತ್ತು. ಸಾಯಲಿಲ್ಲ, ಮೆತ್ತಗಾದ. ಹಳೇ ಸಂಚಿಕೆಗಳಲ್ಲಿ ಹೆಣ ಬೀಳುತ್ತಿತ್ತು. ಕೋಡ್ ಬಂದ ಮೇಲೆ ಅವನು ಗುಂಡು ಹೊಡೆದು ಎದುರಾಳಿಯ ಕೈಯಲ್ಲಿನ ಪಿಸ್ತೂಲನ್ನು ಮಾತ್ರ ಬೀಳಿಸುತ್ತಾನೆ. ಹಗ್ಗ ಕತ್ತರಿಸುತ್ತಾನೆ, ದೀಪದ ಗೊಂಚಲು ಬೀಳಿಸುತ್ತಾನೆ, ಮುಷ್ಟಿಯಲ್ಲಿ ಹೊಡೆಯುತ್ತಾನೆ. ಶೆರೀಫ್ ಕೆಟ್ಟವನಲ್ಲ, ತಪ್ಪು ತಿಳಿದವನು ಅಷ್ಟೇ. ನಾಯಕ ಅವನಿಂದ ತಪ್ಪಿಸಿಕೊಳ್ಳುತ್ತಾನೆಯೇ ಹೊರತು ಅವನಿಗೆ ಗುಂಡು ಹೊಡೆಯುವುದಿಲ್ಲ.

ಈ ಬೇಲಿಯಿಂದ ಒಂದು ಒಳ್ಳೆಯದೂ ಆಯಿತು ಎಂಬುದು ನನ್ನ ಅಭಿಪ್ರಾಯ. ಕೊಲ್ಲದೆ ಗೆಲ್ಲುವುದು ಹೇಗೆ ಅಂತ ಬರೆಯುವವರು, ಚಿತ್ರ ಬಿಡಿಸುವವರು ಪ್ರತಿ ತಿಂಗಳೂ ಯೋಚಿಸಬೇಕಾಯಿತು. ಕಾನೂನು ಹುಡುಕುತ್ತಿರುವವನು ಕಾನೂನಿನವರಿಗಿಂತ ಜಾಸ್ತಿ ಸಂಯಮ ತೋರುತ್ತಾನೆ. ಈ ಪಾತ್ರದ ಘನತೆ ಅಲ್ಲಿಂದಲೇ ಬಂತು.

ರಾಹೈಡ್ ಕಿಡ್ 16ನೇ ಸಂಚಿಕೆ 1957ರದು, 17ನೆಯದು 1960ರದು. ನಡುವೆ ಏನಾಯ್ತು?

ಗುಡ್‌ಮನ್ ತಮ್ಮದೇ ವಿತರಣಾ ಸಂಸ್ಥೆ ಮುಚ್ಚಿ ಪತ್ರಿಕೆಗಳನ್ನು ಅಮೆರಿಕನ್ ನ್ಯೂಸ್ ಕಂಪನಿಗೆ ಒಪ್ಪಿಸಿದ್ದರು. 1957ರಲ್ಲಿ ಆ ಕಂಪನಿಯ ವಿತರಣೆಯೇ ನಿಂತುಹೋಯಿತು. ಗುಡ್‌ಮನ್‌ಗೆ ಉಳಿದ ದಾರಿ ಒಂದೇ: ಎದುರಾಳಿ ಕಾಮಿಕ್ಸ್ ಸಂಸ್ಥೆ ಡಿಸಿಯ ಕೂಟಕ್ಕೆ ಸೇರಿದ ವಿತರಕ ಇಂಡಿಪೆಂಡೆಂಟ್ ನ್ಯೂಸ್. ತಿಂಗಳಿಗೆ ಎಂಟು ಕಾಮಿಕ್ಸ್ ಮಾತ್ರ ಎಂದು ಅವರು ಮಿತಿ ಹಾಕಿದರು. ಹತ್ತಾರು ಪತ್ರಿಕೆಗಳು ಒಮ್ಮೆಲೇ ನಿಂತವು. ಎರಡು ತಿಂಗಳಿಗೊಮ್ಮೆ ಬರುವಂತೆ 16 ಪತ್ರಿಕೆ ಉಳಿದವು. ಅವುಗಳಲ್ಲಿ ಕಿಡ್ ಕೋಲ್ಟ್, ಟೂ-ಗನ್ ಕಿಡ್, ವಯಟ್ ಅರ್ಪ್, ಗನ್‌ಸ್ಮೋಕ್ ವೆಸ್ಟರ್ನ್ ಇದ್ದವು. ರಾಹೈಡ್ ಕಿಡ್, ರಿಂಗೋ ಕಿಡ್, ಔಟ್‌ಲಾ ಕಿಡ್ ಮೂರೂ ಹೋದವು.

1960ರಲ್ಲಿ ರಾಹೈಡ್ ಕಿಡ್ ತಿರುಗಿ ಬಂದಾಗ ಹೊಸ ಎಣಿಕೆ ಶುರುಮಾಡಲಿಲ್ಲ. ಹೊಸ ಹೆಸರಿಗೆ ಅಂಚೆ ಪರವಾನಗಿ, ಶುಲ್ಕ ಎಲ್ಲ ಹೊಸದಾಗಿ ಬೇಕಿತ್ತು. ಹಳೇ ಸಂಖ್ಯೆಯನ್ನೇ ಮುಂದುವರಿಸುವುದು ಆಗಿನ ಪ್ರಕಾಶಕರ ರೂಢಿ. ಹಾಗಾಗಿ ಸಂಖ್ಯೆ ಮುಂದುವರಿಯಿತು, ನಾಯಕ ಮಾತ್ರ ಬೇರೆಯವನು.

ಆ 17ನೇ ಸಂಚಿಕೆ ಬಗ್ಗೆ ಎಲ್ಲರೂ ಯಾಕಿಷ್ಟು ಮಾತಾಡ್ತಾರೆ?

ಕಥೆ ಸ್ಟ್ಯಾನ್ ಲೀ ಅವರದು. ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿದವರು ಜ್ಯಾಕ್ ಕರ್ಬಿ, ಅದರ ಮೇಲೆ ಶಾಯಿ ಎಳೆದವರು ಡಿಕ್ ಏಯರ್ಸ್. ಇದಾದ ಸ್ವಲ್ಪ ಸಮಯಕ್ಕೇ, 1961ರ ನವೆಂಬರ್ ಸಂಚಿಕೆಯಾಗಿ, ಲೀ ಮತ್ತು ಕರ್ಬಿ ಫೆಂಟಾಸ್ಟಿಕ್ ಫೋರ್ ಎಂಬ ಸೂಪರ್‌ಹೀರೋ ಪತ್ರಿಕೆ ತಂದರು. ಅಂದರೆ ಮುಂದೆ ಜಗತ್ತು ಕಂಡ ಮಾರ್ವೆಲ್ ಹೇಗೆ ತಯಾರಾಯಿತು ಎಂದು ನೋಡಲು ಈ ಕೌಬಾಯ್ ಪತ್ರಿಕೆ ಒಳ್ಳೆಯ ಕಿಟಕಿ.

ಹುಡುಗನ ಹೆಸರು ಜಾನಿ ಬಾರ್ಟ್. ಟೆಕ್ಸಾಸ್‌ನ ರಾಹೈಡ್ ಎಂಬ ಊರಿನ ಹತ್ತಿರ ಅವನನ್ನು ಸಾಕಿದವರು ಅವನು ಚಿಕ್ಕಪ್ಪ ಎನ್ನುವ ಬೆನ್ ಬಾರ್ಟ್, ಹಿಂದೆ ಟೆಕ್ಸಾಸ್ ರೇಂಜರ್ (ಆ ರಾಜ್ಯದ ಪೊಲೀಸ್ ಪಡೆಯವರು) ಆಗಿದ್ದವರು. ಪಿಸ್ತೂಲು ಹಿಡಿಯಲು ಕಲಿಸಿದವರೂ ಅವರೇ. ಮೋಸದಿಂದ ಅವರ ಕೊಲೆಯಾಗುತ್ತದೆ. ಜಾನಿ ಹಂತಕರ ಲೆಕ್ಕ ಚುಕ್ತಾ ಮಾಡಿ ಊರು ಬಿಡುತ್ತಾನೆ. ಅದೇ ಸಂಚಿಕೆಯ ಇನ್ನೊಂದು ಕಥೆಯಲ್ಲಿ ಶೆರೀಫ್ ಅವನನ್ನು ತಪ್ಪು ತಿಳಿಯುತ್ತಾನೆ. ಎಳೆಯ ಹುಡುಗ, ವಿವರಿಸುತ್ತಾ ನಿಲ್ಲುವುದಿಲ್ಲ, ಓಡುತ್ತಾನೆ. ಆ ಓಟ 151ನೇ ಸಂಚಿಕೆಯವರೆಗೂ ನಿಲ್ಲಲಿಲ್ಲ.

ಸಾಕಿದ ಬೆನ್ ಚಿಕ್ಕಪ್ಪ, ಅವರ ಕೊಲೆ, ಅನಾಥ ಹುಡುಗ, ಅವನನ್ನು ಅನುಮಾನದಿಂದ ನೋಡುವ ಊರು. ಇದನ್ನು ಇನ್ನೆಲ್ಲೋ ಓದಿದ್ದೀರಿ ಅಲ್ವಾ? ಎರಡು ವರ್ಷದ ನಂತರ ಬಂದ ಸ್ಪೈಡರ್‌ಮ್ಯಾನ್‌ನಲ್ಲೂ ಸಾಕಿದ ಚಿಕ್ಕಪ್ಪನ ಹೆಸರು ಬೆನ್.

ಕರ್ಬಿ ಚಿತ್ರಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ರಾಹೈಡ್ ಕಿಡ್ ಕುಳ್ಳ, ತೆಳ್ಳಗಿನ ಮೈ. ಸಲೂನಿನಲ್ಲಿ, ಅಂದರೆ ಹೆಂಡದಂಗಡಿಯಲ್ಲಿ, ಅವನನ್ನು ಕೆಣಕುವವರೆಲ್ಲ ಗುಡ್ಡದಂಥವರು. ಹೊಡೆದಾಟ ಶುರುವಾದರೆ ಕುರ್ಚಿ, ಮೇಜು, ಮನುಷ್ಯರು ಎಲ್ಲ ಗಾಳಿಯಲ್ಲಿ. ಅವನು ಮೇಜಿನಿಂದ ಹಾರಿ, ಒಬ್ಬನ ಭುಜ ತುಳಿದು, ಇನ್ನೊಬ್ಬನ ಗಲ್ಲಕ್ಕೆ ಬಾರಿಸುವವರೆಗೆ ನಿಮ್ಮ ಕಣ್ಣು ಚೌಕದಿಂದ ಚೌಕಕ್ಕೆ ತಾನಾಗಿ ಜಾರುತ್ತದೆ. ಕರ್ಬಿ ಆಗ ರಾಕ್ಷಸರ ಕಥೆಗಳನ್ನೂ ಬಿಡಿಸುತ್ತಿದ್ದರು. ಅದರ ಗಾಳಿ ಇಲ್ಲಿಗೂ ಬೀಸಿತು: 22ನೇ ಸಂಚಿಕೆಯಲ್ಲಿ ರಾಹೈಡ್ ಕಿಡ್ ಜೀವಂತ ಟೋಟೆಮ್ ಕಂಬದ (ಮೂಲನಿವಾಸಿಗಳು ಮುಖಗಳನ್ನು ಕೆತ್ತಿ ನಿಲ್ಲಿಸುವ ಮರದ ಕಂಬ) ಜೊತೆ ಕಾದಾಡುತ್ತಾನೆ. ಕರ್ಬಿ ಕೆಲಸ 32ನೇ ಸಂಚಿಕೆಯವರೆಗೆ, ಅಂದರೆ 1963ರ ಆರಂಭದವರೆಗೆ ನಡೆಯಿತು.

ಬೇರೆ ಯಾವ ಕಲಾವಿದರನ್ನು ಗಮನಿಸಬೇಕು?

ಮೊದಲು ಜ್ಯಾಕ್ ಕೆಲರ್. 1950ರ ದಶಕದ ಮೊದಲ ವರ್ಷಗಳಿಂದ 1967ರ ಸುಮಾರಿನವರೆಗೆ ಕಿಡ್ ಕೋಲ್ಟ್ ಎಂದರೆ ಅವರೇ. ಅವರ ರೇಖೆ ಕರ್ಬಿಯ ಹಾಗೆ ಅಬ್ಬರಿಸುವುದಿಲ್ಲ. ಸರಳ, ಸ್ಪಷ್ಟ. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿಂದ ಬಂತು ಎಂಬುದರಲ್ಲಿ ಗೊಂದಲವೇ ಇಲ್ಲ. ಒಂದೇ ಪಾತ್ರವನ್ನು ಅಷ್ಟು ವರ್ಷ ಬಿಡಿಸಿದರೂ ಅವರ ಹೆಸರು ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಇದು ಅನ್ಯಾಯ. ಕಾರುಗಳೆಂದರೆ ಅವರಿಗೆ ಪ್ರಾಣ. ಆಮೇಲೆ ಚಾರ್ಲ್ಟನ್ ಸಂಸ್ಥೆಗೆ ಕಾರ್ ರೇಸಿನ ಕಾಮಿಕ್ಸ್ ಬಿಡಿಸಿದರು.

ರಿಂಗೋ ಕಿಡ್ ಬಿಡಿಸಿದ ಜೋ ಮನೀಲಿ ಇನ್ನೊಬ್ಬರು. ವೇಗ, ಸೂಕ್ಷ್ಮ ಎರಡೂ ಇದ್ದ ಕೈ. 1958ರ ಜೂನ್‌ನಲ್ಲಿ ರೈಲಿನಿಂದ ಬಿದ್ದು ತೀರಿಕೊಂಡಾಗ ಅವರಿಗೆ 32 ವರ್ಷ. ಅವರು ಬದುಕಿದ್ದಿದ್ದರೆ ಮುಂದಿನ ಮಾರ್ವೆಲ್‌ನ ಮುಖವೇ ಬೇರೆ ಇರುತ್ತಿತ್ತು ಎಂದು ಅನೇಕರು ನಂಬುತ್ತಾರೆ. ನಾನೂ ನಂಬುತ್ತೇನೆ.

ಔಟ್‌ಲಾ ಕಿಡ್ ಬಿಡಿಸಿದ ಡಗ್ ವೈಲ್ಡಿ ಬಯಲು, ಬಂಡೆ, ಕುದುರೆಗಳನ್ನು ಕಣ್ಣಾರೆ ನೋಡಿದವರ ಹಾಗೆ ಬಿಡಿಸಿದರು. ಇದರ ನಾಯಕ ಲ್ಯಾನ್ಸ್ ಟೆಂಪಲ್‌ನ ಕಥೆ ಸ್ವಲ್ಪ ಬೇರೆ. ತಂದೆಗೆ ಕಣ್ಣು ಕಾಣುವುದಿಲ್ಲ. ಮಗ ಪಿಸ್ತೂಲು ಹಿಡಿಯುವುದು ಅವರಿಗೆ ಇಷ್ಟವಿಲ್ಲ. ಹಾಗಾಗಿ ಮುಖವಾಡ ಹಾಕಿ, ಗುಟ್ಟಾಗಿ ಹೋಗುತ್ತಾನೆ. ರಾಹೈಡ್ ಕಿಡ್‌ನ ಮೂರು ಸಂಚಿಕೆ, 33ರಿಂದ 35, ಜ್ಯಾಕ್ ಡೇವಿಸ್ ಅವರವು. 1964ರ 41ನೇ ಸಂಚಿಕೆಯಿಂದ ಸ್ಟ್ಯಾನ್ ಲೀ ಅವರ ತಮ್ಮ ಲ್ಯಾರಿ ಲೀಬರ್ ಈ ಪತ್ರಿಕೆಯ ಹೊಣೆ ಹೊತ್ತು ವರ್ಷಗಟ್ಟಲೆ ನಡೆಸಿದರು. ಲೀಬರ್ ಕಥೆಗಳಲ್ಲಿ ಒಂಟಿತನದ ಭಾರ ಹೆಚ್ಚು. ಹೊಡೆದಾಟಕ್ಕಾಗಿ ಕರ್ಬಿ ಓದಿ, ಮನಸ್ಸಿಗಾಗಿ ಲೀಬರ್ ಓದಿ.

ಚಿತ್ರಕಥೆಗಳ ನಡುವೆ ಬರೀ ಅಕ್ಷರದ ಪುಟ ಯಾಕಿದೆ?

ಅಂಚೆ ಇಲಾಖೆಯ ನಿಯಮ. ನಿಯತಕಾಲಿಕಗಳಿಗೆ ಸಿಗುವ ಕಡಿಮೆ ದರ ಬೇಕಿದ್ದರೆ ಸ್ವಲ್ಪ ಓದುವ ಬರಹ ಇರಲೇಬೇಕಿತ್ತು. ಒಂದೆರಡು ಪುಟದ ಗದ್ಯ ಕಥೆ ಹಾಕಿ ಸುಮ್ನೆ ಲೆಕ್ಕ ಸರಿಮಾಡುತ್ತಿದ್ದರು. ಆಮೇಲೆ ಆ ಜಾಗಕ್ಕೆ ಓದುಗರ ಪತ್ರಗಳು ಬಂದವು.

ಮೂಲನಿವಾಸಿಗಳನ್ನು, ಕಪ್ಪು ಜನರನ್ನು ಈ ಕಥೆಗಳು ಹೇಗೆ ತೋರಿಸಿದವು?

ಬಹುಪಾಲು ಕೆಟ್ಟದಾಗಿ. ಮೂಲನಿವಾಸಿಗಳು ಒಂದೋ ಕೂಗುತ್ತಾ ದಾಳಿ ಮಾಡುವ ಗುಂಪು, ಇಲ್ಲ ಹರಕು ಮಾತಾಡುವ ವಿಧೇಯ ಸ್ನೇಹಿತ. ಯಾವ ಬುಡಕಟ್ಟು, ಯಾವ ನೆಲ ಎಂಬ ಗೋಜೇ ಇಲ್ಲ. ಅವರ ಭೂಮಿ ಕಿತ್ತುಕೊಂಡ ಇತಿಹಾಸದ ಮಾತಂತೂ ಅಪರೂಪ. ರಿಂಗೋ ಕಿಡ್‌ನ ತಾಯಿ ಕೊಮಾಂಚಿ ಜನಾಂಗದವಳು ಎಂಬಂಥ ಹೊರತುಗಳಿವೆ, ಆದರೆ ಕಡಿಮೆ. ಹಳೇ ಕಾಲ ಅಂತ ಇದನ್ನು ಹಾಗೇ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳ ಕೈಗೆ ಕೊಡುವಾಗ ಪಕ್ಕದಲ್ಲಿ ಕೂತು ಮಾತಾಡಿ.

ನಿಜವಾದ ಪಶ್ಚಿಮದಲ್ಲಿ ನಾಲ್ಕು ಕೌಬಾಯ್‌ಗಳಲ್ಲಿ ಒಬ್ಬ ಕಪ್ಪು ಮನುಷ್ಯ ಎಂಬುದು ಇತಿಹಾಸಕಾರರು ಹೇಳುತ್ತಾ ಬಂದ ಅಂದಾಜು. ಕಾಮಿಕ್ಸ್‌ನಲ್ಲಿ ಅವರು ನಾಯಕರಾಗಿ ಕಾಣಲೇ ಇಲ್ಲ, 1965ರವರೆಗೆ. ಆ ವರ್ಷ ಡೆಲ್ ಸಂಸ್ಥೆ ‘ಲೋಬೋ’ ತಂದಿತು. ಬರೆದವರು ಡಿ. ಜೆ. ಆರ್ನೆಸನ್, ಚಿತ್ರ ಟೋನಿ ಟಲ್ಲರಿಕೊ. ಕಪ್ಪು ನಾಯಕನ ಹೆಸರಿನಲ್ಲೇ ಬಂದ ಮೊದಲ ಅಮೆರಿಕನ್ ಕಾಮಿಕ್ ಪತ್ರಿಕೆ ಎಂದು ಇದನ್ನು ಗುರುತಿಸುತ್ತಾರೆ. ನಾಯಕ ಲೋಬೋ, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಸೈನಿಕ. ಯುದ್ಧ ಮುಗಿದ ಮೇಲೆ ಮಾಡದ ಕೊಲೆಯ ಆಪಾದನೆ ಅವನ ಮೇಲೆ ಬೀಳುತ್ತದೆ. ಅಲೆಯುತ್ತಾ ದುಷ್ಟರನ್ನು ಮಣಿಸುತ್ತಾನೆ. ಸೋತವರ ಹಣೆಯ ಮೇಲೆ ಚಿನ್ನದ ನಾಣ್ಯ ಇಟ್ಟು ಹೋಗುತ್ತಾನೆ.

ಕಥೆಯ ಚೌಕಟ್ಟು ಕಿಡ್ ಕೋಲ್ಟ್‌ನದೇ. ಆದರೆ ಇಲ್ಲಿ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಬಿಳಿ ಹುಡುಗನನ್ನು ಊರಿಗೆ ಊರೇ ಅನುಮಾನಿಸಲು ಬರಹಗಾರ ಪ್ರತಿ ಸಲ ಒಂದು ಕಾರಣ ಹುಡುಕಬೇಕಿತ್ತು. ಲೋಬೋಗೆ ಹುಡುಕಬೇಕಿರಲಿಲ್ಲ. ಪತ್ರಿಕೆ ಎರಡೇ ಸಂಚಿಕೆಗೆ ನಿಂತಿತು. ಮಾರಾಟಗಾರರು ಪತ್ರಿಕೆಯ ಕಟ್ಟುಗಳನ್ನು ಬಿಚ್ಚದೆಯೇ ವಾಪಸ್ ಕಳಿಸಿದರು ಎಂದು ಟಲ್ಲರಿಕೊ ನಂತರ ಹೇಳಿದ್ದಾರೆ. ಮುಖಪುಟದ ಮೇಲಿನ ಮುಖವೇ ಕಾರಣ. 2005ರಲ್ಲಿ ಫಿಲಡೆಲ್ಫಿಯಾದಲ್ಲಿ ಕಪ್ಪು ಜನರ ಕಾಮಿಕ್ಸ್ ಸಮಾವೇಶ ಟಲ್ಲರಿಕೊ ಅವರನ್ನು ಸನ್ಮಾನಿಸಿತು. ನನ್ನ ಮಟ್ಟಿಗೆ ಈ ಇಡೀ ಪ್ರಕಾರದಲ್ಲಿ ಸುಳ್ಳು ಆಪಾದನೆಯ ಎಳೆಯನ್ನು ಅತ್ಯಂತ ಪ್ರಾಮಾಣಿಕವಾಗಿ ಬಳಸಿದ್ದು ಈ ಎರಡು ಸಂಚಿಕೆಗಳು.

ನಿಜವಾಗಿ ಬದುಕಿದ್ದ ಔಟ್‌ಲಾಗಳ ಕಾಮಿಕ್ಸ್ ಇದ್ದವೇ?

ಇದ್ದವು. 1881ರಲ್ಲಿ ಶೆರೀಫ್ ಪ್ಯಾಟ್ ಗ್ಯಾರೆಟ್ ಗುಂಡಿಗೆ ಸತ್ತ ಬಿಲ್ಲಿ ದಿ ಕಿಡ್ ಹೆಸರಿನಲ್ಲಿ ಚಾರ್ಲ್ಟನ್ 1957ರಿಂದ 1983ರವರೆಗೆ ಪತ್ರಿಕೆ ನಡೆಸಿತು. ಏವನ್ ಸಂಸ್ಥೆ 1950ರ ದಶಕದಲ್ಲಿ ಜೆಸ್ಸಿ ಜೇಮ್ಸ್ ಕಥೆ ಹಾಕಿತು. ಇವು ಅಷ್ಟೇನೂ ಸತ್ಯಕ್ಕೆ ಹತ್ತಿರ ಇಲ್ಲ. ಆದರೆ ಏವನ್ ಪತ್ರಿಕೆಗಳಿಗೆ ಚಿತ್ರ ಬಿಡಿಸಿದ ಎವರೆಟ್ ರೇಮಂಡ್ ಕಿನ್‌ಸ್ಟ್ಲರ್ ಮುಂದೆ ಅಧ್ಯಕ್ಷರಾದ ಫೋರ್ಡ್ ಮತ್ತು ರೇಗನ್ ಅವರ ಅಧಿಕೃತ ಭಾವಚಿತ್ರ ಬರೆದರು ಎಂದರೆ ಆ ಕೈಯ ಗುಣ ಊಹಿಸಿ.

ಅಮೆರಿಕದ ಹೊರಗೆ ಇಂಥ ನಾಯಕರು ಇದ್ದಾರೆಯೇ?

ಇಟಲಿಯ ಟೆಕ್ಸ್ ವಿಲ್ಲರ್. ಕಿಡ್ ಕೋಲ್ಟ್ ಹುಟ್ಟಿದ ವರ್ಷವೇ, 1948ರ ಸೆಪ್ಟೆಂಬರ್ 30ರಂದು ಹುಟ್ಟಿದ. ಬರೆದವರು ಜಾನ್ ಲುಯಿಜಿ ಬೊನೆಲ್ಲಿ, ಚಿತ್ರ ಔರೇಲಿಯೊ ಗಲ್ಲೆಪ್ಪಿನಿ. ಅವನೂ ಮೊದಲಿಗೆ ಸುಳ್ಳು ಆಪಾದನೆ ಹೊತ್ತ ಔಟ್‌ಲಾ. ಬೇಗನೆ ರೇಂಜರ್ ಆಗುತ್ತಾನೆ, ನವಾಹೊ ಬುಡಕಟ್ಟಿನ ಹೆಣ್ಣನ್ನು ಮದುವೆಯಾಗುತ್ತಾನೆ, ಆ ಜನರ ಮುಖ್ಯಸ್ಥನಾಗುತ್ತಾನೆ. ಮೂಲನಿವಾಸಿಗಳ ಪರ ನಿಲ್ಲುವುದರಲ್ಲಿ ಅವನು ಅಮೆರಿಕದ ಕಿಡ್‌ಗಳಿಗಿಂತ ಬಹಳ ಮುಂದೆ. ಇವತ್ತಿಗೂ ಹೊಸ ಕಥೆ ಬರುತ್ತಿವೆ. ಫ್ರೆಂಚ್‌ನ ಕಾಮಿಕ್ಸ್ ನಾಯಕ ಬ್ಲೂಬೆರಿಯೂ 1970ರ ದಶಕದ ಕಥೆಗಳಲ್ಲಿ ಕಳ್ಳತನದ ಆಪಾದನೆ ಹೊತ್ತು ಅಲೆಯುತ್ತಾನೆ.

ಬೆಂಗಳೂರು, ಮೈಸೂರು ಕಡೆ ತಮಿಳು ಓದಬಲ್ಲ ಕನ್ನಡಿಗರು ತುಂಬ ಇದ್ದಾರೆ. ಅವರಿಗೊಂದು ಸಂತೋಷದ ಸುದ್ದಿ: ಶಿವಕಾಶಿಯ ಲಯನ್ ಕಾಮಿಕ್ಸ್ ಟೆಕ್ಸ್ ವಿಲ್ಲರ್ ಕಥೆಗಳನ್ನು ತಮಿಳಿನಲ್ಲಿ ತರುತ್ತಾ ಬಂದಿದೆ.

ಈ ಪತ್ರಿಕೆಗಳು ಯಾವಾಗ ನಿಂತವು? ಮರುಮುದ್ರಣವನ್ನು ಗುರುತಿಸುವುದು ಹೇಗೆ?

ಕಿಡ್ ಕೋಲ್ಟ್ 229ನೇ ಸಂಚಿಕೆಗೆ, ರಾಹೈಡ್ ಕಿಡ್ 151ನೆಯದಕ್ಕೆ. ಎರಡೂ 1979ರಲ್ಲಿ. ಆದರೆ ಹೊಸ ಕಥೆಗಳು ಅದಕ್ಕೂ ಬಹಳ ಮೊದಲೇ ನಿಂತಿದ್ದವು. ಕಿಡ್ ಕೋಲ್ಟ್ 1968ರಲ್ಲಿ 139ಕ್ಕೆ ನಿಂತು, 1969ರ ಕೊನೆಗೆ 140ರಿಂದ ಮತ್ತೆ ಶುರುವಾಯಿತು. ಅಲ್ಲಿಂದ ಮುಂದೆ ಬಹುಪಾಲು ಹಳೇ ಕಥೆಗಳೇ. ರಾಹೈಡ್ ಕಿಡ್‌ನಲ್ಲೂ 1973ರ ಸುಮಾರಿನಿಂದ ಹಾಗೆಯೇ. ಹಾಗಂತ ಮರುಮುದ್ರಣ ಕೀಳು ಅಂದುಕೊಳ್ಳಬೇಡಿ. ಓದುವುದಕ್ಕೆ ಅವೇ ಸಾಕು, ಬೆಲೆಯೂ ಕಡಿಮೆ.

ಬೆಲೆಯಿಂದ ಕಾಲ ಊಹಿಸಬಹುದು. ಮುಖಪುಟದಲ್ಲಿ 10 ಸೆಂಟು ಇದ್ದರೆ 1962ಕ್ಕಿಂತ ಮೊದಲಿನದು. 12 ಸೆಂಟು 1960ರ ದಶಕದ್ದು. 15 ಸೆಂಟು 1969ರ ನಂತರದ್ದು. ಮುಖಪುಟದ ಮೇಲಿನ ತಿಂಗಳನ್ನು ಮಾತ್ರ ಹಾಗೇ ನಂಬಬೇಡಿ, ಪತ್ರಿಕೆ ಅದಕ್ಕಿಂತ ಎರಡು ಮೂರು ತಿಂಗಳು ಮೊದಲೇ ಅಂಗಡಿಗೆ ಬರುತ್ತಿತ್ತು.

ನಮ್ಮ ಹವೆಯಲ್ಲಿ ಹಳೇ ಸಂಚಿಕೆ ಇಟ್ಟುಕೊಳ್ಳುವುದು ಹೇಗೆ?

ಇವೆಲ್ಲ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾದವು. ಕಾಗದದಲ್ಲೇ ಆಮ್ಲ ಇದೆ. ತಾನಾಗಿಯೇ ಹಳದಿಯಾಗುತ್ತದೆ, ಅಂಚು ಪುಡಿಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಎರಡು ಶತ್ರುಗಳು: ಬೂಷ್ಟು ಮತ್ತು ಬೆಳ್ಳಿಮೀನು ಹುಳ. ಪಿನ್ನುಗಳೂ ತುಕ್ಕು ಹಿಡಿದು ಕಾಗದ ತಿನ್ನುತ್ತವೆ.

ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್) ಚೀಲ, ಆಮ್ಲರಹಿತ ರಟ್ಟು, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸುವುದು. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಗೋಡೆಗೆ ತಾಗಿಸಬೇಡಿ, ನೆಲದ ಮೇಲೆ ಇಡಬೇಡಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ. ಮಳೆ ನಿಂತ ಮೇಲೆ ಒಂದು ಒಣ ದಿನ ನೋಡಿ ನೆರಳಲ್ಲಿ ಗಾಳಿಯಾಡಿಸಿ. ಬಿಸಿಲು ಬೇಡ, ಬಣ್ಣ ಹೋಗುತ್ತದೆ.

ದುಬಾರಿ ಸಂಚಿಕೆ ಕೊಳ್ಳದೆ ಓದುವ ದಾರಿ ಇದೆಯೇ? ಎಲ್ಲಿಂದ ಶುರುಮಾಡಲಿ?

ರಾಹೈಡ್ ಕಿಡ್‌ನ 17ರಿಂದ 35ರವರೆಗಿನ ಸಂಚಿಕೆಗಳು ಮಾರ್ವೆಲ್ ಮಾಸ್ಟರ್‌ವರ್ಕ್ಸ್ ಸರಣಿಯ ಎರಡು ಗಟ್ಟಿರಟ್ಟಿನ ಸಂಪುಟಗಳಲ್ಲಿ ಸಿಗುತ್ತವೆ. ಮೊದಲನೆಯದರಲ್ಲಿ 25ರವರೆಗೆ, ಎರಡನೆಯದರಲ್ಲಿ ಉಳಿದವು. ಹಕ್ಕುಸ್ವಾಮ್ಯ ಮುಗಿದ ಹಳೇ ಪತ್ರಿಕೆಗಳನ್ನು ಡಿಜಿಟಲ್ ಕಾಮಿಕ್ ಮ್ಯೂಸಿಯಂ, ಕಾಮಿಕ್ ಬುಕ್ ಪ್ಲಸ್ ತಾಣಗಳಲ್ಲಿ ಉಚಿತವಾಗಿ ಓದಬಹುದು. ಮಾರ್ವೆಲ್‌ನವು ಅಲ್ಲಿ ಸಿಗುವುದಿಲ್ಲ.

ಮೊದಲು 17ನೇ ಸಂಚಿಕೆ ಓದಿ. ಆಮೇಲೆ ಟೋಟೆಮ್ ಕಂಬದ 22. ನಂತರ ಲೀಬರ್ ಕಾಲದ 45, ಅದರಲ್ಲಿ ಅವನ ಹುಟ್ಟಿನ ಹಿನ್ನೆಲೆ ಬರುತ್ತದೆ. ಕಿಡ್ ಕೋಲ್ಟ್‌ನಲ್ಲಿ ಕೆಲರ್ ಚಿತ್ರ ಇರುವ 12 ಸೆಂಟಿನ ಯಾವುದೇ ಸಂಚಿಕೆ ಸಿಕ್ಕರೂ ಆಗುತ್ತದೆ. ಹರಿದಿದ್ದರೂ ಪರವಾಗಿಲ್ಲ, ಪುಟಗಳು ಪೂರ್ತಿ ಇವೆಯೇ ಅಂತ ಮಾತ್ರ ಎಣಿಸಿ ಕೊಳ್ಳಿ.